ಆರನೇ ಮಹಡಿಯ ಬೆಲೆ

ಜೂನ್ ತಿಂಗಳ ಬಿಸಿಲಿಗೆ ಅರ್ಧ ಕಟ್ಟಿದ ಕಟ್ಟಡದ ಕಬ್ಬಿಣದ ಏಣಿ ಮುಟ್ಟಿದರೆ ಅಂಗೈ ಸುಡುತ್ತಿತ್ತು. ನಮ್ಮ ಶೇಖಪ್ಪ ಕೈಗೆ ಚಿಂದಿ ಸುತ್ತಿಕೊಂಡು, ಅಳತೆ ಟೇಪನ್ನು ಕಿಸೆಗೆ ತುರುಕಿ ಹತ್ತುತ್ತಿದ್ದ. ಗದಗಿನ ಕಡೆಯವನು, ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನನ್ನ ರೂಮ್‌ಮೇಟು. ನನ್ನ ಹಾಗೆ ಅವನೂ ಡ್ರೈವರು. ಆದರೆ ಅವನ ಸಾಹೇಬರು ಕಾರಿನಿಂದ ಇಳಿಯುವ ಪೈಕಿಯವರಲ್ಲ.

ಸಾಹೇಬರೆಂದರೆ ಮಂಗಳೂರಿನ ಕಾನ್ರಾಡ್. ಕಟ್ಟಡಗಳಿಗೆ ಬೆಲೆ ಕಟ್ಟುವ ವ್ಯಾಲ್ಯುವರ್. ಅವರು ಬರೆದ ಬೆಲೆ ನಂಬಿ ಬ್ಯಾಂಕು ಸಾಲ ಕೊಡುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಬೆವರಬಾರದಲ್ಲ! ಅಳತೆಗೆ ಶೇಖಪ್ಪನನ್ನು ಹತ್ತಿಸಿ, ಎಸಿ ಹಾಕಿ ಕಾರಿನಲ್ಲೇ ಕೂತು, ಹಳೆಯ ರಿಪೋರ್ಟಿನ ಹೆಸರು ಬದಲಿಸಿ ಹೊಸದು ಮಾಡುತ್ತಿದ್ದರು.

ಅದು ಎರಡು ಸಾವಿರದ ಎಂಟು. ಶೇಖಪ್ಪ ಏದುಸಿರು ಬಿಡುತ್ತ ಇಳಿದು ಬಂದ.

"ಸರ, ನಾಕನೇ ಫ್ಲೋರಿಗೆ ಬಿಲ್ಡಿಂಗ್ ಮುಗದೈತ್ರಿ. ನೀವು ಹೇಳಿದ ಆರನೇ ಫ್ಲೋರು ಎಲ್ಲೂ ಇಲ್ರಿ."

"ಇವತ್ತು ಇಲ್ಲದಿದ್ರೆ ನಾಳೆ ಆಗ್ತದೆ ಮಾರಾಯ. ದುಬೈಯಲ್ಲಿ ಕಟ್ಟುವುದು ನಿಲ್ತದಾ? ಇಲ್ಲಿ ಸೈನ್ ಹಾಕು."

"ನಾನ್ಯಾಕ್ರಿ?"

"ಹತ್ತಿ ನೋಡಿದವ ನೀನಲ್ವಾ?"

ಶೇಖಪ್ಪ ಹಿಗ್ಗಿಹೋದ. ತನ್ನ ಕನ್ನಡದ ಸಹಿ ಬ್ಯಾಂಕಿಗೆ ಹೋಗುತ್ತದೆ! ದುಂಡಗೆ ಬರೆದ. ಸಂಜೆ ನಮಗೆಲ್ಲ ಚಹಾ ಕುಡಿಸಿದ. ನಾವೂ ಮೂರ್ಖರು, ಕುಡಿದೆವು. ಅವನಿಗೆ ಓದಲು ಬಾರದ ಆ ಇಂಗ್ಲಿಷ್ ರಿಪೋರ್ಟಿನ ಪ್ರಕಾರ ಆರನೇ ಮಹಡಿಯಲ್ಲಿ ಅಮೃತಶಿಲೆಯ ನೆಲವಿತ್ತು. ಕಿಟಕಿಯಿಂದ ಸಮುದ್ರವೂ ಕಾಣುತ್ತಿತ್ತು.

ಮರುವರ್ಷ ಬೆಲೆಗಳು ಕುಸಿದವು. ಬಿಲ್ಡರು ಏರ್‌ಪೋರ್ಟಿನಲ್ಲಿ ಕಾರು ಬಿಟ್ಟು ಪರಾರಿಯಾದ. ನಿರ್ಲಕ್ಷ್ಯದಿಂದ ಬೆಲೆ ಕಟ್ಟಿದ್ದೀರಿ, ನಷ್ಟ ತುಂಬಿಕೊಡಿ ಎಂದು ಬ್ಯಾಂಕು ಕಾನ್ರಾಡರಿಗೆ ವಕೀಲರ ನೋಟಿಸು ಕಳಿಸಿತು. ಅಂದೇ ನಮ್ಮ ಶೇಖಪ್ಪನಿಗೆ ಬಡ್ತಿ ಸಿಕ್ಕಿತು. ಕಾಗದದಲ್ಲಿ ಅವನೀಗ ತಪಾಸಣಾ ಅಧಿಕಾರಿ! ಸಂಬಳ ಮಾತ್ರ ಡ್ರೈವರನದೇ.

"ತಪ್ಪು ನಿನ್ನದೇ ಅಂತ ಸೈನ್ ಹಾಕು. ಇಲ್ಲಾಂದ್ರೆ ಪಾಸ್‌ಪೋರ್ಟ್ ಮಾಫಿ, ನನ್ನ ಹತ್ರವೇ ಇರ್ತದೆ," ಎಂದರು ಸಾಹೇಬರು. ಹಾಕಿದರೆ ಜೈಲು, ಹಾಕದಿದ್ದರೆ ಊರಿಗೆ ಹೋಗುವಂತಿಲ್ಲ. ಮುಂದಿನ ತಿಂಗಳು ಮಗಳು ದಾನೇಶ್ವರಿಯ ಮದುವೆ.

ಬ್ಯಾಂಕಿನ ಅಧಿಕಾರಿ ಅಬ್ದುಲ್ ರವೂಫ್, ಉಡುಪಿ ಕಡೆಯವರು, ಕಟ್ಟಡದ ಹತ್ತಿರವೇ ಶೇಖಪ್ಪನ ಹೇಳಿಕೆ ಪಡೆಯುತ್ತೇನೆಂದರು. ರೂಮಿನ ನಾವು ಏಳು ಮಂದಿ ಡ್ರೈವರುಗಳೂ ಕೆಲಸ ಬಿಟ್ಟು ಹೋದೆವು. ಸಾಹೇಬರು ಕಾರಿನ ಗಾಜಿಳಿಸಿ ಪೆನ್ನು ಚಾಚಿದರು.

"ಹಾಕ್ತೀನ್ರಿ ಸರ," ಎಂದ ಶೇಖಪ್ಪ. "ಆದ್ರ ಆರನೇ ಫ್ಲೋರಿನ್ಯಾಗ ನಿಂತು ಹಾಕ್ತೀನಿ. ಬರದಾವ್ರು ನೀವು, ನೀವ ಕರ್ಕೊಂಡು ನಡೀರಿ."

"ತಮಾಷೆ ಮಾಡ್ತೀಯಾ?"

"ನನಗೂ ಆ ಫ್ಲೋರು ನೋಡ್ಬೇಕಿತ್ತು ಸರ್," ಎಂದರು ರವೂಫ್. "ಯಲ್ಲಾ, ನಡೀರಿ, ಇಳೀರಿ."

ಸಾಹೇಬರು ಇಳಿದರು. ಏಣಿ ಮುಟ್ಟಿ ಕೈ ಕೊಡವಿಕೊಂಡರು. ಶೇಖಪ್ಪ ತನ್ನ ಚಿಂದಿ ಬಿಚ್ಚಿ ಕೊಟ್ಟ. ಅಂತೂ ನಾಲ್ಕನೇ ಮಹಡಿಯ ಮೇಲೆ ಬಂದು ನಿಂತಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ತಲೆಯ ಮೇಲೆ ಬರೀ ಆಕಾಶ. ರವೂಫ್ ರಿಪೋರ್ಟು ಬಿಡಿಸಿ ಕಾದು ನಿಂತರು.

"ಸಾಕು, ಕೆಳಗೆ ಹೋಗುವ," ಎಂದು ಸಾಹೇಬರು ತಿರುಗಿದರು.

ಹಿಂದೆಯೇ ಹತ್ತಿ ಬಂದ ನಾವು ಏಳು ಮಂದಿ ಏಣಿಯ ಬಾಯಿಗೆ ನಿಂತಿದ್ದೆವು. ಯಾರೂ ಸರಿಯಲಿಲ್ಲ.

"ಇನ್ನೂ ಎರಡು ಫ್ಲೋರು ಅದಾವಲ್ರಿ ಸರ," ಎಂದ ಶೇಖಪ್ಪ. "ಹತ್ರಿ."