ನಬೀ ತಾತನ ಗಾಳದ ಕೋಲು

ಚಪ್ಪಲಿ ಕಲ್ಲಿನ ಮೇಲಿಟ್ಟು, ಪೈಜಾಮ ಮೊಣಕಾಲಿನವರೆಗೆ ಮಡಚಿ ನಬೀ ತಾತ ಶಿರಾ ಕೆರೆಯ ನೀರಿಗಿಳಿಯುತ್ತಿದ್ದಾನೆ, ನಿಧಾನ ತಾತ, ಪಾಚಿ ಇದೆ, ಅಂದರೆ ಕೇಳುವವನೇ, ಎಪ್ಪತ್ತೆರಡರ ಈ ಮುದುಕ ನನ್ನ ಸ್ವಂತ ಅಜ್ಜನಲ್ಲ, ನಮ್ಮ ಬೀದಿಯಲ್ಲಿ ಬಿದಿರೇಣಿ ಕಟ್ಟುತ್ತಿದ್ದವನು, ಹತ್ತು ವರ್ಷದ ನನ್ನ ಕೈಗೆ ಮೊದಲ ಸಲ ಚಾಕು ಕೊಟ್ಟವನು, ಬಿದಿರು ಹೆಂಗ್ ಬಗ್ತದೆ ಅಂತ ಮೊದ್ಲು ಕೈಗೆ ಗೊತ್ತಾಗ್ಬೇಕು ವನಜವ್ವ, ಆಮೇಲೆ ಕಣ್ಣಿಗೆ, ಎಂದವನು — ಮಧುಗಿರಿಯ ಕಾಲೇಜಿನಲ್ಲಿ ಕಂಪನದ ಪಾಠ ಮಾಡುವಾಗ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತೇನೆ, ಮನಸ್ಸಿನಲ್ಲಿ ಮಾತ್ರ ಅವನ ಬಿದಿರೇ ತೂಗುತ್ತಿರುತ್ತದೆ. ಅವನ ಗಾಳದ ಕೋಲು ಬೇರೆಯವರದರ ಹಾಗಲ್ಲ, ಎಂದೋ ಯಾರೋ ಸಾಹೇಬರು ಮುರಿದು ಬಿಟ್ಟುಹೋದದ್ದನ್ನು ಬಿಚ್ಚಿ ನೋಡಿ ಕಲಿತದ್ದು, ಬಿದಿರನ್ನು ಆರು ಸೀಳು ಮಾಡಿ, ಅಂಚು ಹೆರೆದು, ಮತ್ತೆ ಒಂದಾಗಿ ಅಂಟಿಸಿದ ಕೋಲು, ತುದಿ ಕಡ್ಡಿಯಷ್ಟು ತೆಳು, ಅದಕ್ಕೆ ದಪ್ಪ ದಾರ, ದಾರದ ಕೊನೆಗೆ ಕೋಳಿಪುಕ್ಕ ಸುತ್ತಿ ಮಾಡಿದ ಹುಳು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ ಗಕ್ಕನೆ ನಿಲ್ಲಿಸಿದರೆ ದಾರ ನೀರಿನ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತಿತ್ತು.

ಬೀಳುತ್ತಿತ್ತು, ಎರಡು ವರ್ಷದ ಹಿಂದಿನವರೆಗೆ, ಬಲಗೈ ನಡುಗಲು ಶುರುವಾಗುವವರೆಗೆ, ಇದು ವಾಸಿಯಾಗುವ ನಡುಕವಲ್ಲ ಎಂದು ತುಮಕೂರಿನ ಡಾಕ್ಟರು ಹೇಳುವವರೆಗೆ. ಆಮೇಲೆ ಕೋಲು ಅಟ್ಟ ಸೇರಿತು, ಮಾತೂ ಕಮ್ಮಿಯಾಯಿತು, ಅವನ ಹೆಂಡತಿ ಅಮೀನಾಬಿ ಅಜ್ಜಿ ನನ್ನ ಕೈ ಹಿಡಿದು, ಅವ್ರು ಊಟಾನೂ ಗೋಡೆ ಕಡೆ ತಿರುಗ್ಕೊಂಡು ಮಾಡ್ತಾರೆ ಕಣವ್ವ, ಎಂದಾಗ ತಡೆಯಲಾಗಲಿಲ್ಲ, ನಾನೊಂದು ಕೋಲು ಮಾಡ್ಕೊಡ್ತೀನಿ ಎಂದುಬಿಟ್ಟೆ, ಕಾರ್ಬನ್ ನಾರಿನದು, ಹಗುರ, ಕಾಲೇಜಿನ ಲ್ಯಾಬಿನಲ್ಲಿ ಮೂರು ತಿಂಗಳು ಕೂತು ಮಾಡಿದ್ದು, ನಡುಕ ಹೀರಲಿ ಎಂದು ತುದಿಗೆಲ್ಲ ದಪ್ಪವಾಗಿ ಅಂಟು ಬಳಿದೆ, ತಂದು ಅವನ ಕೈಗೆ ಕೊಟ್ಟರೆ ತುದಿ ಎತ್ತೆತ್ತಲೋ ಹೊಯ್ದಾಡಿತು, ದಾರ ಸಿಕ್ಕುಸಿಕ್ಕಾಗಿ ಅವನ ಟೋಪಿಯ ಮೇಲೇ ಬಿತ್ತು, ನನಗೆ ಅಳು ಬಂತು, ತಾತ ನಗಲಿಲ್ಲ, ಬೈಯಲಿಲ್ಲ, ಕಣ್ಣು ಮುಚ್ಚಿ ಕೋಲು ಹಿಡಿದು ಬಹಳ ಹೊತ್ತು ನಿಂತ, ನನ್ ಕೈ ಹೆಂಗ್ ಕುಣೀತದೋ ಇದೂ ಅದೇ ತಾಳಕ್ಕೆ ಕುಣೀತದೆ, ಇಬ್ರೂ ಸೇರ್ಕೊಂಬುಟ್ಟವ್ರೆ, ತುದಿ ಭಾರ ಆಗೈತೆ ತೆಗಿ, ಎಂದ. ಅಳೆದು ನೋಡಿದೆ, ಅವನ ಕೈ ಸೆಕೆಂಡಿಗೆ ಐದು ಸಲ, ನನ್ನ ಕೋಲಿನ ತುದಿಯೂ ಸರಿಯಾಗಿ ಐದು ಸಲ, ಉಯ್ಯಾಲೆಯನ್ನು ಹೊತ್ತು ನೋಡಿ ನೂಕುವ ಹಾಗೆ ಕೈ ಕೋಲನ್ನು ನೂಕುತ್ತಿತ್ತು, ಹದಿನಾಲ್ಕು ವರ್ಷ ಇದನ್ನೇ ಪಾಠ ಮಾಡಿದ ನನಗೆ ಹೊಳೆಯದ್ದು ಅವನ ಅಂಗೈಗೆ ಹೊಳೆದಿತ್ತು. ಅಂಟು ಹೆರೆದರೆ ತುದಿ ಹಗುರಾಗಿ ತಾಳ ಬೇರೆಯಾಗುತ್ತದೆ, ಆದರೆ ಹೆರೆಯಲು ನನಗೆ ಧೈರ್ಯವಿರಲಿಲ್ಲ, ನಾರಿಗೆ ಚಾಕು ತಗುಲಿದರೆ ಮೂರು ತಿಂಗಳ ಕೆಲಸ ಹಾಳು, ಕೊಡಿಲ್ಲಿ ಎಂದು ತಾನೇ ಕೂತ, ನಡುಗುವ ಕೈಯಲ್ಲಿ ಚಾಕು, ಅಜ್ಜಿ ಮುಖ ತಿರುಗಿಸಿದಳು, ಅವನೋ ಮಣಿಕಟ್ಟನ್ನು ಮೊಣಕಾಲಿಗೆ ಒತ್ತಿ, ಚಾಕುವನ್ನು ಅಲುಗದಂತೆ ಹಿಡಿದು, ಎಡಗೈಯಿಂದ ಕೋಲನ್ನೇ ಅದರಡಿ ಎಳೆದ, ಈರುಳ್ಳಿ ಸಿಪ್ಪೆಯಂಥ ಪದರ ಏಳುತ್ತ ಹೋಯಿತು, ನಾರಿನ ಮೇಲೆ ಒಂದು ಗೀರಿಲ್ಲ, ಆಮೇಲೆ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದ, ಕೈ ನಡುಕ ಇಲ್ಲೇ ಸಾಯ್ಲಿ ಬುಡು, ಎಂದ, ಎಂಥ ಮನುಷ್ಯ, ಯಾವ ಪುಸ್ತಕ ಓದಿದ್ದ ಇವನು, ಸಹಿ ಹಾಕುವಷ್ಟೇ ಅಕ್ಷರ ಬರುವವನು.

ಈಗ ನೀರು ಅವನ ಮೊಣಕಾಲಿಗೆ ಬಂದಿದೆ, ಏರಿಯ ಮೇಲೆ ಬಸ್ಸೊಂದು ಹಾರ್ನ್ ಹೊಡೆದರೂ ತಿರುಗಲಿಲ್ಲ, ಹಿಂದಕ್ಕೆ ಬೀಸಿದ, ಮುಂದಕ್ಕೆ ಬೀಸಿದ, ನಿಲ್ಲಿಸಿದ, ಕೈ ನಡುಗುತ್ತಿದೆ, ನನಗೆ ಕಾಣುತ್ತಿದೆ, ಆದರೆ ತುದಿ ಒಮ್ಮೆ ತೂಗಿ ನಿಂತೇಬಿಟ್ಟಿತು, ದಾರ ಬಿಚ್ಚಿಕೊಳ್ಳುತ್ತ ಹೋಗಿ ನೆಟ್ಟಗೆ, ಒಂದು ಬಳುಕೂ ಇಲ್ಲದೆ ಮಲಗಿತು, ತಾತನ ಬೆನ್ನು ನೆಟ್ಟಗಾಯಿತು, ಅಷ್ಟರಲ್ಲಿ ತುದಿ ಮತ್ತೆ ಅಲುಗಿತು, ಅಯ್ಯೋ, ಮತ್ತೆ ಶುರುವಾಯ್ತಾ ತಾತ, ನಾನು ನೀರಿಗೆ ಓಡಿದೆ, ಅವನು ತಿರುಗಿದ, ಬಾಯ್ತುಂಬ ನಗು, ಇದ್ ನಾನಲ್ಲ ಕಣವ್ವ, ಮೀನು, ಎಂದು ಕೂಗಿದ, ತುದಿ ಬಾಗುತ್ತಿದೆ, ನೀರಿನ ಕಡೆಗೆ ಬಾಗುತ್ತಲೇ ಇದೆ, ತುದಿ —