ಕಣದಲ್ಲಿ ಕಿತ್ತಳೆ ಡಬ್ಬಿ

ಸಂಕ್ರಾಂತಿ ಕಳೆದು ವಾರವಾಗಿತ್ತು. ದಂಡೋತಿಯ ಹೊಲಗಳಲ್ಲಿ ತೊಗರಿ ಕೊಯ್ಲು ಮುಗಿದು, ಒಣಗಿದ ಸಿವುಡುಗಳೆಲ್ಲ ಕಣ ಸೇರಿದ್ದವು. ಕಾಗಿಣಾ ನದಿಯ ಕಡೆಯಿಂದ ಗಾಳಿ ಬೀಸುವುದು ಬೆಳಗಿನ ಹೊತ್ತು ಮಾತ್ರ. ಅದು ನಿಂತರೆ ಮರುದಿನ ಬೆಳಗಿನ ತನಕ ತೂರುವವರು ಕೈಕಟ್ಟಿ ಕೂಡಬೇಕು. ಹಾಗಾಗಿ ಬಿಸಿಲೇರುವ ಮೊದಲೇ ಒಂದು ಕಣದಲ್ಲಿ ಬಡಿಗೆಯ ಸಪ್ಪಳ, ಇನ್ನೊಂದರಲ್ಲಿ ಮೊರದಿಂದ ಕಾಳು ಸುರಿಯುವ ಸಪ್ಪಳ. ಹೊಟ್ಟಿನ ಧೂಳು ದಾರಿಯ ತನಕ ಹಾರಿ ಬರುತ್ತಿತ್ತು.

ಆ ಧೂಳಿನಲ್ಲೇ ಸೂರ್ಯಕಾಂತ ಬಸ್ಸಿಳಿದು ಊರೊಳಗೆ ನಡೆದ. ವಾಡಿಯ ಲೋಕೋ ಶೆಡ್ಡಿನಲ್ಲಿ ಅವನು ಖಲಾಸಿ. ರಜೆ ಸಿಕ್ಕಾಗ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರ, ಅಲ್ಲಿಂದ ಬಸ್ಸಿಗೆ ಊರು. ಈ ಸಲ ಬಂದದ್ದಕ್ಕೆ ಕಾರಣ ಒಂದೇ. ಊರಿನ ಅಮೃತಪ್ಪ ಗೌಡರು ಕೊಡುತ್ತೇನೆಂದಿದ್ದ, ಗಿಟಾರಿನ ದನಿ ಬದಲಿಸುವ ಡಬ್ಬಿಯನ್ನು ಕೇಳಿ ತರಬೇಕಿತ್ತು.

"ಏನಪಾ ಸೂರ್ಯಕಾಂತಾ, ತಂತಿ ಪೆಟಗಿ ತಂದಿಲ್ಲೇನು?" ಹೊಟ್ಟು ಕೇರುತ್ತಿದ್ದ ಸಾಬಮ್ಮ ಕೂಗಿದಳು. "ಕಾಲಿಲೆ ಒದ್ದರ ಬೆಕ್ಕಿನಂಗ ಅಳ್ತದಲ್ಲ, ಆ ಡಬ್ಬಿಯರೇ ತರಬೇಕಿತ್ತು. ನಮ್ಮ ಕಣದಾಗ ಇಲಿ ಭಾಳ ಆಗ್ಯಾವ."

"ಇಲಿಗೆ ಬ್ಯಾರೆ ಡಬ್ಬಿ ಅದ ಅತ್ತಿ, ಮುಂದಿನ ಸಲ ತರ್ತೀನಿ," ಎಂದು ನಗುತ್ತ ಮನೆಯ ಕಡೆ ತಿರುಗಿದ. ಆ ಹೊತ್ತಿನ ನಗೆ ಅದೇ ಕೊನೆ.

ಮನೆಯ ಮುಂದೆ ಗೋಡೆಗೆ ಒರಗಿ ಒಂದು ತುಂಬಿದ ಗೋಣಿಚೀಲ ನಿಂತಿತ್ತು. ಅದರ ಮೇಲೆ ಕೆಮ್ಮಣ್ಣಿನಲ್ಲಿ ಗೌಡರ ಮನೆಯ ಗುರುತು. ತಾಯಿ ಅನಸುಬಾಯಿ ಚೀಲದ ಬಾಯಿ ಬಿಚ್ಚಿ, ಒಂದಿಷ್ಟು ತೊಗರಿಯನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಒಳಗೆ ಒಲೆಯ ಮೇಲೆ ಗುಗ್ಗರಿ ಕುದಿಯುವ ವಾಸನೆ.

"ಯಾರ ತೊಗರಿ ಯವ್ವಾ ಇದು?"

"ಗೌಡರ ಮನೀದು. ನಿನ್ನೆ ಹಣಮಪ್ಪ ಬಂಡ್ಯಾಗ ತಂದು ಇಳಿಸಿ ಹೋದ. ನೀ ಮದುವ್ಯಾಗ ಬಾರಿಸಿದ್ದಕ್ಕಂತ. ಪೂರಾ ಚೀಲ ಅದ ನೋಡು."

"ಮತ್ತ ಡಬ್ಬಿ?"

"ಡಬ್ಬಿ ಗಿಬ್ಬಿ ಏನೂ ಅನ್ನಲಿಲ್ಲಪ್ಪ. 'ಲಾಲ್ಯಾನ ಮನೀ ಆಯ' ಅಂದ, ಇಳಿಸಿದ, ಹೋದ."

ಸೂರ್ಯಕಾಂತನ ಕೈಯಿಂದ ಬಟ್ಟೆಯ ಕೈಚೀಲ ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಆಯ ಎಂದರೆ ಆ ಊರಿನಲ್ಲಿ ಬರೀ ಕಾಳಲ್ಲ. ರಾಶಿಯ ದಿನ ಕಣದ ಅಂಚಿಗೆ ಬಂದು ಅರಿವೆ ಹಾಸಿ ನಿಂತವರಿಗೆ ಗೌಡರ ಮನೆಯವರು ಮೇಲಿನಿಂದ ಸುರಿಯುವ ಕಾಳು. ಅದನ್ನು ಕಟ್ಟಿಕೊಂಡು ಹೋದವನು ಮುಂದಿನ ರಾಶಿಯ ತನಕ ಆ ಮನೆಯ ಆಳು. ಆ ಮನೆಯಲ್ಲಿ ಯಾರು ಹುಟ್ಟಿದರೂ ಅವನು ಚರ್ಮದ ಹಲಗಿ ಬಡಿಯಬೇಕು, ಯಾರು ಸತ್ತರೂ ಬಡಿಯಬೇಕು. ಕರೆದಾಗ ಬರಬೇಕು, ಏನು ಕೊಟ್ಟರು ಎಂದು ಕೇಳಬಾರದು. ಸೂರ್ಯಕಾಂತನ ತಂದೆ ಲಾಲಪ್ಪ ಇಪ್ಪತ್ತು ವರ್ಷದ ಕೆಳಗೆ ಕೇರಿಯವರ ಜೊತೆ ಬೌದ್ಧನಾದ. ಅದೇ ದಿನ ಹಲಗಿಯನ್ನು ಕಾಯಿಸಲು ಹಾಕುತ್ತಿದ್ದ ಬೆಂಕಿಗೇ ಹಲಗಿಯನ್ನು ಒಟ್ಟಿದ್ದ. ಆ ವರ್ಷ ಅವನು ಕಣಕ್ಕೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಕೂಲಿಗೆ ಬೇರೆ ಹೊಲಗಳಿಗೆ ಹೋದ, ಕಲ್ಲಿನ ಖಣಿಗೆ ಹೋದ, ಗೌಡರ ಕಣದ ದಾರಿಯನ್ನೇ ಸುತ್ತುಬಳಸಿ ನಡೆದ.

ಮಗ ತಂತಿ ಹಿಡಿದಾಗ ಅವನಿಗೆ ಅಷ್ಟು ಸರಿಕಂಡಿರಲಿಲ್ಲ. "ಒಂದು ಬಿಟ್ಟೀವಿ, ಇನ್ನೊಂದು ಯಾಕ?" ಎಂದಿದ್ದ. ಆದರೆ ಸೂರ್ಯಕಾಂತ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಗಿಟಾರ್ ಕಲಿತು, ಶಹಾಬಾದಿನ ಗುಲಾಮ ದಸ್ತಗೀರನ ಆರ್ಕೆಸ್ಟ್ರಾ ಸೇರಿಕೊಂಡ. ಆಮೇಲೆ ಡಬ್ಬಿಗಳ ಹುಚ್ಚು ಹಿಡಿಯಿತು. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಟ್ಟು, ಕಾಲಿಂದ ಒತ್ತಿದರೆ ದನಿಯನ್ನೇ ಬದಲಿಸುವ ಡಬ್ಬಿಗಳು. ಮೊದಲನೆಯದು ಸಿಕಂದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಪಾದ ಆಡಿಸಿದಂತೆ ದನಿ ಬಾಯಿ ತೆರೆದು ಮುಚ್ಚುತ್ತಿತ್ತು. ಸಾಬಮ್ಮ ಬೆಕ್ಕೆಂದದ್ದು ಅದನ್ನೇ. ಎರಡನೆಯದನ್ನು ವಾಡಿಯ ರೇಡಿಯೋ ರಿಪೇರಿ ಸರ್ದಾರ ಬಿಸ್ಕೀಟಿನ ತಗಡಿನ ಡಬ್ಬಿಯೊಳಗೆ ಕೂಡಿಸಿಕೊಟ್ಟಿದ್ದ. ಅದು ದನಿಯನ್ನು ಹರಿದು ಕೆರೆಯುತ್ತಿತ್ತು, ಸಿಟ್ಟಿನ ಹಾಡಿಗೆ ಮಾತ್ರ ಸೈ.

ಸಿಕ್ಕದ್ದನ್ನೆಲ್ಲ ಒಟ್ಟುವ ಜಾತಿಯವನಲ್ಲ ಸೂರ್ಯಕಾಂತ. ಸಿಕಂದರಾಬಾದಿನ ಅಂಗಡಿಗೆ ತನ್ನ ಗಿಟಾರನ್ನೇ ಹೊತ್ತು ಹೋಗಿ, ಒಂದೊಂದನ್ನೇ ಸಿಕ್ಕಿಸಿ, ಒತ್ತಿ, ಕೇಳಿ, ಬರಿಗೈಯಲ್ಲಿ ಸಂಜೆಯ ಗಾಡಿಗೆ ವಾಪಸು ಬರುತ್ತಿದ್ದ. ಪ್ರತಿಧ್ವನಿ ಕೊಡುವ ಡಬ್ಬಿಯೊಂದನ್ನು ಎಲ್ಲರೂ ಹೊಗಳಿದರು. ಅದನ್ನು ಎರಡು ಕಾರ್ಯಕ್ರಮಕ್ಕೆ ಬಾಡಿಗೆಗೆ ತಂದವನು ಮರಳಿ ಕೊಟ್ಟುಬಿಟ್ಟ. "ನಾ ಒಮ್ಮೆ ಹೇಳಿದ್ದು ಅದು ಮೂರು ಸಲ ಹೇಳ್ತದ. ನನ್ನ ಕಡಿ ಅಷ್ಟು ಮಾತಿಲ್ಲ," ಎಂದು ದಸ್ತಗೀರನನ್ನು ನಗಿಸಿದ್ದ.

ಬೇಕೆನಿಸಿದ್ದು ಇನ್ನೊಂದು. ಕಿತ್ತಳೆ ಬಣ್ಣದ, ಒಂದೇ ತಿರುಗು ಗುಂಡಿಯ, ಅಂಗೈಯಗಲದ ಪರದೇಶದ ಡಬ್ಬಿ. ಅದು ಅಂಗಡಿಯವನ ಸ್ವಂತದ್ದು, ಮಾರಾಟಕ್ಕಲ್ಲ. ಒತ್ತಿದಾಗ ದನಿ ಹತ್ತಿರ ಬಂತು, ದೂರ ಹೋಯಿತು, ಮತ್ತೆ ತಿರುಗಿ ಬಂತು. ಸೂರ್ಯಕಾಂತನಿಗೆ ಮೈ ಜುಮ್ಮೆಂದಿತು. ಚಿಕ್ಕವನಿದ್ದಾಗ ಹೊಳೆಯ ಆಚೆ ಅಪ್ಪ ಬಾರಿಸುತ್ತಿದ್ದ ಹಲಗಿಯನ್ನು ಗಾಳಿ ಹೀಗೇ ಒಯ್ದು ತಂದು ಮಾಡುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಅಪ್ಪನಿಗಂತೂ ಇಲ್ಲ.

ಹೋದ ವೈಶಾಖದಲ್ಲಿ ಗೌಡರ ಮಗಳ ಮದುವೆಗೆ ದಸ್ತಗೀರನ ಆರ್ಕೆಸ್ಟ್ರಾ ನಿಗದಿಯಾಯಿತು. ಸೂರ್ಯಕಾಂತ ಮೊದಲು ಒಲ್ಲೆ ಎಂದ. ಅಳಿಯ ಮುಂಬೈ ಬಂದರಿನಲ್ಲಿ ನೌಕರ, ಪರದೇಶದ ಸಾಮಾನು ಅವನಿಗೆ ಸಿಗುತ್ತದೆ ಎಂದು ತಿಳಿದ ಮೇಲೆ ಒಪ್ಪಿದ. ಎಲ್ಲರೂ ತಮ್ಮ ತಮ್ಮ ಹಣ ತೆಗೆದುಕೊಂಡರು. ಇವನು ಹಣದ ಬದಲು ಡಬ್ಬಿ ಕೇಳಿದ. ಗೌಡರು ಮಂದಿಯ ಮುಂದೆ, "ಆಯ್ತು, ದೀಪಾವಳಿಗೆ ಅಳಿಯ ಬರ್ತಾನ, ತರ್ತಾನ. ನಂದು ಮಾತು," ಎಂದಿದ್ದರು.

ಈಗ ಮಾತಿನ ಬದಲು ಚೀಲ ಬಂದಿತ್ತು.

"ಆಯ ಅಂದ ಮ್ಯಾಲೂ ಯಾಕ ಇಳಿಸ್ಕೊಂಡಿ?" ಸೂರ್ಯಕಾಂತನ ದನಿ ಏರಿತು.

"ಒದರಬ್ಯಾಡ. ಆ ಮಾತು ಸತ್ತು ಎಷ್ಟೋ ವರ್ಷ ಆತು. ಸತ್ತ ಮಾತಿಗಿ ಏನು ಅಂಜೋದು ಅಂದ್ಕೊಂಡೆ. ದುಡದಿದ್ದಿ, ಕೊಟ್ಟಾರ ಅಂದ್ಕೊಂಡೆ."

"ದುಡದಿದ್ದಕ್ಕ ಕೊಡೋದು ಬ್ಯಾರೆ ಯವ್ವಾ! ಇದು ನನ್ನ ಕೊಳ್ಳಿಗಿ ಹಗ್ಗ. ನಾಳೆ ಎಮ್ಮಿ ಈದರೂ ಕರೀತಾರ, ಬಂದು ಬಾರಸು ಅಂತಾರ. ಬಾಯಿ ಕಟ್ಟು ಚೀಲದ್ದು."

ಅನಸುಬಾಯಿ ಕುಳಿತಲ್ಲಿಂದ ಏಳಲಿಲ್ಲ. "ಅರ್ಧ ಸೇರು ಒಲಿ ಮ್ಯಾಲ ಅದ," ಎಂದಳು ಮೆಲ್ಲಗೆ. "ನೀ ಬರ್ತಿ ಅಂತ ಗುಗ್ಗರಿಗಿ ಹಾಕೀನಿ."

ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದ ಲಾಲಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಿನ್ನೆ ಅವನು ಖಣಿಯಿಂದ ಬಂದಾಗ ಕತ್ತಲಾಗಿತ್ತು. ಚೀಲ ಕಂಡಿರಲಿಲ್ಲ, ಹೆಂಡತಿ ಹೇಳಿರಲಿಲ್ಲ. ಈಗ ಹೊರಬಂದು ಕೆಮ್ಮಣ್ಣಿನ ಗುರುತನ್ನು ನೋಡಿದ. ಪಕ್ಕದ ಮನೆಯ ಸೈಕಲ್ಲು ತಳ್ಳಿಕೊಂಡು ಬಂದ. ಮೊರದಲ್ಲಿದ್ದುದನ್ನು ಚೀಲಕ್ಕೆ ಸುರಿದು, ಬಾಯಿ ಹೊಲಿದು, ತಂದೆ ಮಗ ಇಬ್ಬರೂ ಸೇರಿ ಚೀಲವನ್ನು ಸೈಕಲ್ಲಿನ ನಡುವೆ ಅಡ್ಡ ಹಾಕಿದರು.

"ನೀ ಬರಬ್ಯಾಡ ಯಪ್ಪಾ. ನಾ ಒಬ್ಬನೇ ಹೋಗ್ತೀನಿ."

"ಲಾಲ್ಯಾನ ಆಯ ಅಂದಾರಲ್ಲ. ಲಾಲ್ಯಾನೇ ಕೊಡಬೇಕು," ಎಂದು ಲಾಲಪ್ಪ ಹಿಂದಿನಿಂದ ಚೀಲ ಹಿಡಿದ.

ಗೌಡರ ಕಣದಲ್ಲಿ ಗಾಳಿ ಇನ್ನೂ ಇತ್ತು. ಸೆಗಣಿ ಸಾರಿಸಿದ ನೆಲದ ನಡುವೆ ತೊಗರಿಯ ರಾಶಿ ಆಳೆತ್ತರಕ್ಕೆ ಬಿದ್ದಿತ್ತು. ಅದರ ಸುತ್ತ ಬೂದಿಯ ಗೆರೆ. ಅಳೆಯುವ ತನಕ ಆ ಗೆರೆಯೊಳಗೆ ಮನೆಯವರು ಬಿಟ್ಟು ಯಾರೂ ಕಾಲಿಡುವಂತಿಲ್ಲ. ಕೇರಿಯವರಂತೂ ಕಣದ ಅಂಚಿನಲ್ಲೇ ನಿಲ್ಲಬೇಕು. ಬೇವಿನ ನೆರಳಿನ ಹೊರಸಿನ ಮೇಲೆ ಅಮೃತಪ್ಪ ಗೌಡರು ಎಲೆ ಮಡಿಸುತ್ತಿದ್ದರು.

"ಓಹೋ, ಲಾಲ್ಯಾ! ದಾರಿ ತಪ್ಪಿ ಬಂದೇನೋ?" ಎಂದರು. ಚೀಲ ಕಂಡು ಹುಬ್ಬು ಗಂಟಾಯಿತು. "ಏನಿದು?"

"ನಿಮ್ಮದೇ ಚೀಲ. ವಾಪಸ್ ತಗೋರಿ," ಎಂದ ಸೂರ್ಯಕಾಂತ. ಚೀಲವನ್ನು ಅಂಚಿನಲ್ಲಿ ಇಳಿಸಿದ. "ನಂದು ಡಬ್ಬಿ ಕೊಡ್ರಿ."

"ಡಬ್ಬಿ ಎಲ್ಲಿ ಓಡಿ ಹೋಗ್ತದೋ? ದೀಪಾವಳಿಗೇ ಬಂದದ. ಒಳಗ ಪೆಟಗ್ಯಾಗ ಅದ."

"ಬಂದದ? ಮತ್ತ ಹೇಳಿ ಕಳಿಸಲಿಲ್ಲ ಯಾಕ್ರಿ?"

ಗೌಡರು ಸುಣ್ಣ ಹಚ್ಚುತ್ತ ನಕ್ಕರು. "ಕೊಟ್ಟಿದ್ರ ನೀ ವಾಡಿ ಬಿಟ್ಟು ಈ ಕಡೆ ಮುಖ ಹಾಕ್ತಿದ್ದೇನು? ಹಿರಿಮಗನ ಕೂಸಿನ ಕೂದಲಾ ತಗಸೋ ಜಾವಳ ಅದ ಅಮಾಸಿಗಿ. ಹೊಸಾ ಡಬ್ಬಿ ಹಚ್ಚಿ ಬಾರಸು. ನಿಮ್ಮಪ್ಪ ಚರ್ಮಾ ಬಡದ, ನೀ ತಂತಿ ಬಡಿ. ಕಾಳಿಗಿ ಕಾಳು ಅದ, ಡಬ್ಬಿಗಿ ಡಬ್ಬಿ ಅದ. ಇನ್ನೇನು ಬೇಕೋ ನಿಮಗ?"

ತೂರುತ್ತಿದ್ದವರ ಕೈ ನಿಧಾನವಾಯಿತು.

"ನಾ ಮದುವಿ ಬಾರಿಸಿದ್ದು ಡಬ್ಬಿ ಸಲುವಾಗಿ. ಜಾವಳ ಬೇಕಾದ್ರ ದಸ್ತಗೀರನ ಕೇಳ್ರಿ, ಅವ ರೇಟ್ ಹೇಳ್ತಾನ. ಆಯ ನಮ್ಮ ಮನ್ಯಾಗ ಮುಗದದ."

"ಸರಕಾರದಾಗ ಮುಗದಿರಬೇಕು. ಮೈಸೂರು ಹೋಗಿ ಕರ್ನಾಟಕ ಆತಂತ ನನ್ನ ಕಣ ಏನು ಬದಲಾಗ್ಯಾದೇನು? ಹಣಮಪ್ಪಾ, ತಗೊಂಬಾರೋ ಅದನ್ನ. ಇವನ ಬಾಯಿ ಬಂದ್ ಆಗ್ಲಿ."

ಕೆಲಸದವರ ಮೇಸ್ತ್ರಿ ಹಣಮಪ್ಪ ಮನೆಯೊಳಗಿಂದ ಅರಿವೆಯಲ್ಲಿ ಸುತ್ತಿದ ಗಂಟು ತಂದು ಗೌಡರ ಕೈಗೆ ಕೊಟ್ಟ. ಗೌಡರು ಎದ್ದು ಬಂದು, ಗಂಟು ಬಿಚ್ಚಿ, ಡಬ್ಬಿಯನ್ನು ಚೀಲದ ಮೇಲೆ ಇಟ್ಟರು. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಅದೇ ಕಿತ್ತಳೆ ಬಣ್ಣ. ಅದೇ ಒಂದೇ ಗುಂಡಿ. ಸೂರ್ಯಕಾಂತ ತಡೆಯಲಾರದೆ ಬಗ್ಗಿದ. ಹೆಬ್ಬೆರಳಿನಿಂದ ಒತ್ತುಗುಂಡಿಯನ್ನು ಒತ್ತಿದ. ಟಕ್. ತಂತಿಯಿಲ್ಲ, ಸ್ಪೀಕರಿಲ್ಲ, ಆದರೂ ಆ ದನಿ ಹೊಳೆಯ ಆಚೆಯಿಂದ ಬಂದು ಹೋದದ್ದು ಅವನ ಕಿವಿಯೊಳಗೆ ಕೇಳಿತು. ಬಗ್ಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ನೆಟ್ಟಗೆ ನಿಂತ.

"ಹೊತ್ತು ನಡೀ ಇನ್ನ. ಎರಡೂ," ಎಂದರು ಗೌಡರು.

"ಚೀಲ ಬ್ಯಾಡ. ಡಬ್ಬಿ ಕೈಯಾಗ ಕೊಡ್ರಿ."

"ಏನಂದಿ?"

"ಅಳಿಯನ ಕೈಯಿಂದ ನೀವು ಇಸ್ಕೊಂಡಂಗ. ಹಣಮಪ್ಪನ ಕೈಯಿಂದ ಈಗ ಇಸ್ಕೊಂಡ್ರಲ್ಲ, ಹಂಗ. ನನ್ನ ಕೈಯಾಗ ಕೊಡ್ರಿ."

ಅವನು ಬಲಗೈ ಚಾಚಿದ. ಬೆರಳುಗಳ ತುದಿಯಲ್ಲಿ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದು ಎಡಗೈ. ಬಲಗೈ ಬರೀ ಲೋಕೋ ಶೆಡ್ಡಿನ ಮಸಿಯದು. ಗೌಡರು ಆ ಕೈಯನ್ನು ನೋಡಿದರು. ತೂರುವುದು ಪೂರ್ತಿ ನಿಂತಿತ್ತು. ಗೌಡರ ಕೈ ಮಾತ್ರ ಮೇಲೇಳಲಿಲ್ಲ.

"ಭಾಳ ಆತು ನಿಂದು," ಎಂದರು ಕೊನೆಗೆ. "ಬೇಕಿದ್ರ ಎತ್ಕೋ. ಇಲ್ಲಂದ್ರ ಅಲ್ಲೇ ಬಿದ್ದಿರ್ಲಿ."

"ಎತ್ಕೋಬ್ಯಾಡ," ಎಂದ ಲಾಲಪ್ಪ.

ಆಗ ಹಿಂದಿನಿಂದ ಅನಸುಬಾಯಿ ಬಂದಳು. ಮನೆಯಿಂದ ಬಿರುಸಾಗಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಸೀರೆಯ ಉಡಿಯಲ್ಲಿ ಏನೋ ತುಂಬಿತ್ತು. ಅಂಚಿನಲ್ಲಿ ನಿಲ್ಲುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ನಿಲ್ಲಲಿಲ್ಲ. ಗೌಡರ ಪಕ್ಕದಿಂದಲೇ ಹಾದು, ಸಾರಿಸಿದ ನೆಲ ದಾಟಿ, ಬೂದಿಯ ಗೆರೆ ತುಳಿದು, ರಾಶಿಯ ಮುಂದೆ ಹೋಗಿ ಉಡಿ ಬಿಚ್ಚಿದಳು. ತೊಗರಿ ಕಾಳು ಝರ್ರನೆ ರಾಶಿಯ ಮೇಲೆ ಸುರಿದು, ಇಳಿಜಾರಿನಲ್ಲಿ ಉರುಳಿ, ಆ ಕಾಳುಗಳಲ್ಲಿ ಕೂಡಿಹೋಯಿತು.

"ಏ! ಏ! ರಾಶಿ ಮುಟ್ಟಿದ್ಲಲ್ಲೋ!" ಹಣಮಪ್ಪ ಕೂಗಿದ.

"ನಿಮ್ಮ ಚೀಲದಾಗಿನ ಅರ್ಧ ಸೇರು ನಾ ಒಲಿ ಮ್ಯಾಲ ಇಟ್ಟಿದ್ದೆ," ಎಂದಳು ಅನಸುಬಾಯಿ, ಗೌಡರ ಕಡೆ ತಿರುಗಿ. "ಇದು ಚಿತ್ತಾಪುರ ದಾರಿ ಹೊಲದಾಗ ಕೊಯ್ದಿದ್ದಕ್ಕ ನನಗ ಕೊಟ್ಟ ಕೂಲಿ ತೊಗರಿ. ಒಂದು ಸೇರು ಅದ, ಅರ್ಧ ಜಾಸ್ತಿ. ನಮ್ಮ ಲೆಕ್ಕ ಹರೀತು. ಬ್ಯಾಡ ಅಂದ್ರ ಆರಿಸಿ ತಗದು ಒಗೀರಿ."

ಯಾರೂ ಆರಿಸಲು ಮುಂದೆ ಬರಲಿಲ್ಲ. ಸುರಿದ ಕಾಳು ಯಾವುದು, ಇದ್ದ ಕಾಳು ಯಾವುದು ಎಂದು ಹೇಳುವಂತಿರಲಿಲ್ಲ. ಗೌಡರು ಬಾಯಿಗೆ ಬಂದದ್ದು ಬೈದರು. ಅವಳ ತಾಯಿಯನ್ನು ಬೈದರು, ಕೇರಿಯನ್ನು ಬೈದರು, ಮೈಲಿಗೆಯಾದ ಇಡೀ ರಾಶಿಯನ್ನು ಈಗಿಂದೀಗ ಮಾರಿಬಿಡುತ್ತೇನೆಂದರು. ಅನಸುಬಾಯಿ ಉಡಿ ಝಾಡಿಸಿ, ಬಂದ ದಾರಿಯಲ್ಲೇ ಗೆರೆ ದಾಟಿ ಹೊರಬಂದಳು.

ಸೂರ್ಯಕಾಂತ ಸೈಕಲ್ಲು ತಿರುಗಿಸಿದ. "ನಿಮ್ಮದು ಬಾಕಿ ಅದ ಗೌಡ್ರೇ," ಎಂದ. "ಯಾವಾಗರೇ ಕೈಯಾಗ ಕೊಡಬೇಕು ಅನ್ನಿಸಿದ್ರ, ವಾಡಿ ಲೋಕೋ ಶೆಡ್ಡಿಗಿ ಬರ್ರಿ."

ಮೂವರೂ ಹೊಟ್ಟಿನ ಧೂಳಿನೊಳಗೆ ನಡೆದರು. ಸಾಬಮ್ಮನ ಕಣದ ಹತ್ತಿರ ಬಂದಾಗ ಲಾಲಪ್ಪ ಕೇಳಿದ:

"ಹೆಂಗ ಕೇಳಸ್ತದೋ ಆ ಡಬ್ಬಿ?"

"ಮಾತಾಡಬ್ಯಾಡ ಯಪ್ಪಾ. ಸಿಟ್ಟು ಇನ್ನೂ ಇಳಿದಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಸೂರ್ಯಕಾಂತನೇ ನಿಂತು ಹಿಂತಿರುಗಿ ನೋಡಿದ. ಬೇವಿನ ಮರದ ಆಚೆ, ಕಣದ ಅಂಚಿನಲ್ಲಿ ಚೀಲ ಹಾಗೇ ಬಿದ್ದಿತ್ತು. ಅದರ ಮೇಲೆ ಕಿತ್ತಳೆ ಬಣ್ಣದ ಚೂರು. ಹಣಮಪ್ಪ ಅದರ ಮುಂದೆ ನಿಂತು, ಎತ್ತಬೇಕೋ ಬೇಡವೋ ತಿಳಿಯದೆ ಗೌಡರ ಮುಖ ನೋಡುತ್ತಿದ್ದ. ಗಾಳಿ ನಿಂತುಹೋಗಿತ್ತು. ಯಾರೂ ತೂರುತ್ತಿರಲಿಲ್ಲ.