ತಲೆಗೊಂದು ಬುಟ್ಟಿ

“ಏಯ್ ಮುದುಕಿ, ಕೆಮ್ಮೋದಾದ್ರೆ ಆ ಕಡೆ ತಿರುಗಿ ಕೆಮ್ಮೇ ಮುಂಡೇದೆ. ಜೋಳಕ್ಕೆಲ್ಲಾ ಎಂಜಲು ಹಾರುತ್ತೆ.”

ಮುದುಕಿ ಆ ಕಡೆ ತಿರುಗಿ ಕೆಮ್ಮಿದಳು. ಆ ಕಡೆ ಕೂತಿದ್ದವನು ಬಡಗಿ. ಅವನ ಮೇಲೆ ಎಂಜಲು ಹಾರಿದರೆ ಹಾಗೆ ಗದರಿದ ಧಣಿಯ ಗುಮಾಸ್ತನಿಗೆ ತಕರಾರಿರಲಿಲ್ಲ. ಕೆಮ್ಮು ಮುಗಿದ ಮೇಲೆ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಉಸಿರು ಕೂಡಿಸಿಕೊಂಡು ಬಡಗಿಗೆ ಹೇಳಿದಳು: “ಬೇಜಾರು ಮಾಡ್ಕೋಬೇಡ ಕಣಪ್ಪಾ. ನಿನಗೆ ಕಾಯಿಲೆ ಬಂದ್ರೆ ಡಾಕ್ಟ್ರು ಅವ್ರೆ. ಜೋಳಕ್ಕೆ ಬಂದ್ರೆ ಯಾರು ನೋಡ್ತಾರೆ?”

ಪಕ್ಕದಲ್ಲಿದ್ದ ಸೊಸೆಗೆ ನಗುವೂ ಬಂತು, ಸಿಟ್ಟೂ ಬಂತು. ಇಷ್ಟು ಮಾತಾಡಲು ಖರ್ಚಾದ ಉಸಿರಿನಲ್ಲಿ ಅತ್ತೆ ಇನ್ನೆರಡು ತೆನೆ ಬಿಡಿಸಬಹುದಿತ್ತು. ಆದರೆ ಮಾತು ಬಿಡು ಅಂದರೆ ಅತ್ತೆ ಪ್ರಾಣವನ್ನಾದರೂ ಬಿಟ್ಟಾಳು, ಮಾತು ಬಿಡುವವಳಲ್ಲ.

ಸೊಸೆ ಇಟ್ಟಿಗೆ ಗೂಡಿನಲ್ಲಿ ಹೊರುವ ಕೆಲಸದವಳು. ಅವಳ ಗಂಡ ಲಾರಿಯ ಜೊತೆ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುವ ಆಸಾಮಿ. ಮನೆಯಲ್ಲಿ ಉಳಿದವರು ಈ ಇಬ್ಬರೇ. ಹಗಲೆಲ್ಲ ಹಾವು ಮುಂಗುಸಿಯಂತೆ ಕಿತ್ತಾಡುವವರು ಈಚೆಗೆ ರಾತ್ರಿಯಾದರೆ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. ಪಾದಗಳು ಊದಿ, ಒತ್ತಿದರೆ ಬೆರಳು ಇಟ್ಟ ಕಡೆ ಹಸಿ ಇಟ್ಟಿಗೆಯಲ್ಲಿ ಬಿದ್ದ ಹಾಗೆ ಗುಳಿ ಬೀಳುತ್ತಿತ್ತು. ಬೆನ್ನ ಹಿಂದಿನ ಆ ಉಸಿರು ದಿನೇದಿನೇ ಗಿಡ್ಡವಾಗುತ್ತಿರುವುದು ಸೊಸೆಗೆ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಆ ಬೆನ್ನು ತಣ್ಣಗಿದ್ದರೆ ಏನು ಗತಿ ಎಂದು ಅವಳಿಗೆ ಭಯ. ಅತ್ತೆಗೆ ಮಾತ್ರ ಅದನ್ನು ಹೇಳಿರಲಿಲ್ಲ. ಹೇಳಿದ್ದರೆ, ನನ್ನ ಮೇಲೆ ಪ್ರೀತಿ ಬಂತೇನೇ ಅಂತ ಊರೆಲ್ಲ ಡಂಗುರ ಸಾರಿಬಿಡುತ್ತಿದ್ದಳು.

ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಪೇಟೆಯಿಂದ ಅವರನ್ನು ಕರೆತರುವ ಕಾರು ಧಣಿಯದು, ಅವರು ಕೂರುವ ಕೋಣೆ ಧಣಿಯದು, ಆ ಕೋಣೆಯ ಮುಂದಿನ ಅಂಗಳವೂ ಅಂಗಳದ ತಗಡಿನ ಚಪ್ಪರವೂ ಧಣಿಯದೇ. ಡಾಕ್ಟರು ತೆಗೆದುಕೊಳ್ಳುವ ಫೀಸು ದೊಡ್ಡದೇನಲ್ಲ, ಒಳ್ಳೆಯ ಮನುಷ್ಯ. ದುಬಾರಿಯಾದದ್ದು ಅವರ ಬಾಗಿಲು. ಮೊದಲ ವಾರವೇ ಧಣಿ ಹೇಳಿಬಿಟ್ಟಿದ್ದ, ನನ್ನ ನೆರಳಲ್ಲಿ ಕೂತವರು ಸುಮ್ಮನೆ ನೊಣ ಹೊಡೀತಾ ಕೂರಬಾರದು, ಕೈ ಆಡಿಸಲಿ ಅಂತ. ಅಂಗಳದಲ್ಲಿ ಮೆಕ್ಕೆಜೋಳದ ತೆನೆಯ ರಾಶಿ ಬಿತ್ತು. ಒಳಗೆ ಕಾಲಿಟ್ಟವರಿಗೆಲ್ಲ ತಲೆಗೊಂದು ಬುಟ್ಟಿ, ರೋಗಿಗೂ ಒಂದು, ಜೊತೆಗೆ ಬಂದವರಿಗೂ ಒಂದು. ಯಾರ ಬುಟ್ಟಿ ಕಾಳಿನಿಂದ ತುಂಬುತ್ತದೋ ಅವರು ಒಳಗೆ.

ಅಲ್ಲಿಗೆ ಏನಾಯಿತೆಂದರೆ, ಗಟ್ಟಿಮುಟ್ಟಾಗಿದ್ದವರು ಮೊದಲು ಡಾಕ್ಟರನ್ನು ಕಂಡರು. ನಿಜವಾಗಿ ಕಾಯಿಲೆ ಬಿದ್ದವರು ಸಂಜೆಯವರೆಗೆ ತೆನೆ ಹಿಡಿದು ಕೂತು, ಕಾರು ಹೊರಡುವುದನ್ನು ಕಂಡು ಮನೆಗೆ ಹೋದರು. ಒಬ್ಬರ ಬುಟ್ಟಿಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಹೆಂಡತಿಯ ಬುಟ್ಟಿಗೆ ಎರಡು ಬೊಗಸೆ ಸುರಿಯಲು ಹೋಗಿ ಬಡಗಿ ಗುಮಾಸ್ತನಿಂದ ಕಪಾಳಕ್ಕೆ ತಿಂದಿದ್ದ. ಅದನ್ನೆಲ್ಲ ಕಾಯುವುದಕ್ಕೇ ಗುಮಾಸ್ತ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಒಂದು ಮಾತ್ರೆಯನ್ನೂ ಮುಟ್ಟದ ಅವನಿಗೆ ಊರವರು ಕಂಪೌಂಡರು ಎಂದು ಹೆಸರಿಟ್ಟಿದ್ದರು.

ಬುಟ್ಟಿ ಬದಲಾಯಿಸುವಂತಿಲ್ಲ ಅಂದಮೇಲೆ ಜನ ಕಾಯಿಲೆಯನ್ನೇ ಬದಲಾಯಿಸಿಕೊಂಡರು. ರೋಗಿ ಮನೆಯಲ್ಲಿರುವುದು, ಗಟ್ಟಿ ಇದ್ದವರು ಬಂದು, ಬುಟ್ಟಿ ತುಂಬಿಸಿ, ಒಳಗೆ ಹೋಗಿ, ಮನೆಯವರ ಕಾಯಿಲೆಯನ್ನು ತಮ್ಮದೆಂದು ಹೇಳಿಕೊಳ್ಳುವುದು. ಮೇಲಿನಿಂದ ನೋಡಿದರೆ ಇದು ಬುದ್ಧಿವಂತರ ಕೆಲಸವೇ. ಬಡಗಿ ಹೆಂಡತಿಯ ಹೊಟ್ಟೆನೋವನ್ನು ತನ್ನದೆಂದು ಹೇಳಿ, ಕುಡಿಯೋದು ಬಿಡು ಅಂತ ಬೈಸಿಕೊಂಡು ಬಂದ. ಅವನು ಹನಿ ಮುಟ್ಟಿದವನಲ್ಲ. ಕ್ಷೌರಿಕ ತನ್ನ ತಾಯಿಯ ಮಂಡಿನೋವನ್ನು ಹೇಳಿಕೊಂಡಾಗ ಡಾಕ್ಟರು, ಎಲ್ಲಿ, ಕೂತು ಏಳು ನೋಡೋಣ ಅಂದರಂತೆ. ಪಾಪ, ಅಭ್ಯಾಸಬಲ, ಪಟ್ಟನೆ ಎದ್ದುಬಿಟ್ಟ.

ಸೊಸೆಯೂ ಎರಡು ವಾರ ಅತ್ತೆಯ ಎದೆಯನ್ನು ತನ್ನದೆಂದು ಹೇಳಿಕೊಂಡು ಹೋಗಿದ್ದಳು. ಮೊದಲ ಸಲ ಡಾಕ್ಟರು ಎದೆಗೆ ಕೊಳವೆ ಇಟ್ಟು, ಕಂಚಿನ ಗಂಟೆ ಇದ್ದ ಹಾಗಿದೆಯಮ್ಮ ಅಂದು ಟಾನಿಕ್ ಬರೆದರು. ಎರಡನೆಯ ಸಲ ಅವಳು ಮನೆಯಲ್ಲಿ ಅತ್ತೆಯ ಮುಂದೆಯೇ ಕೆಮ್ಮು ಅಭ್ಯಾಸ ಮಾಡಿಕೊಂಡು ಹೋದಳು. ಹಾಗಲ್ಲ ಕಣೇ, ಒಳಗಿಂದ ಬರಬೇಕು, ನಾಯಿ ಬೊಗಳಿದ ಹಾಗೆ ಕೆಮ್ಮಬೇಡ ಅಂತ ಅತ್ತೆ ತಿದ್ದಿದ್ದಳು. ಡಾಕ್ಟರು ಕೆಮ್ಮನ್ನು ಕೇಳಿದರು, ಎದೆಯನ್ನು ಕೇಳಿದರು, ಕೊಳವೆ ತೆಗೆದಿಟ್ಟರು. ಗೂಡಿನ ಕೆಲಸ ತಪ್ಪಿಸೋಕೆ ಈ ನಾಟಕವಾ, ಇನ್ನೊಂದು ಸಲ ಬಂದರೆ ನೋಡಲ್ಲ ಅಂದರು. ಈ ಊರಿನವರಿಗೆ ಕಾಯಿಲೆ ಕಡಿಮೆ, ಸುಳ್ಳು ಜಾಸ್ತಿ ಅಂತ ಅವರು ಧಣಿಯ ಜೊತೆ ಊಟಕ್ಕೆ ಕೂತಾಗ ಹೇಳಿದ್ದು ಅಡುಗೆಯವಳ ಬಾಯಿಂದ ಊರಿಗೆಲ್ಲ ಗೊತ್ತಾಯಿತು. ನಿಜ ಹೇಳೋಣವೆಂದರೆ ಬಾಗಿಲಲ್ಲಿ ಕಂಪೌಂಡರ ಕಿವಿ ಇತ್ತು, ಗೂಡೂ ಧಣಿಯದೇ ಆಗಿತ್ತು.

ಹಾಗಾಗಿ ಇವತ್ತು ಅತ್ತೆಯೇ ಬರಬೇಕಾಯಿತು. ಬೆಳಿಗ್ಗೆಯಿಂದ ಕೂತು ಬಿಡಿಸಿದರೂ ಅವಳ ಬುಟ್ಟಿಯ ತಳ ಮುಚ್ಚಿರಲಿಲ್ಲ. ಸೊಸೆಯ ಬುಟ್ಟಿ ಮುಕ್ಕಾಲು ತುಂಬಿತ್ತು. ಬಿಸಿಲು ಆಗಲೇ ಚಪ್ಪರದ ಆಚೆ ತುದಿಗೆ ಇಳಿದಿತ್ತು.

ಆಗ ಧಣಿ ಬಂದ. ಒಬ್ಬನೇ ಬರಲಿಲ್ಲ, ಪಕ್ಕದಲ್ಲಿ ಅವನ ನಾಯಿ ಒಂದು ಕಾಲು ಎತ್ತಿಕೊಂಡು ಕುಂಟುತ್ತಿತ್ತು. ಗುಮಾಸ್ತ ಕುರ್ಚಿ ಬಿಟ್ಟೆದ್ದು ಬಾಗಿಲು ತೆರೆದ. ನಾಯಿ ತೆನೆಯ ರಾಶಿಯನ್ನು ಮೂಸಿ, ಬಡಗಿಯ ಜೊತೆ ಬಂದಿದ್ದ ಅವನ ಹೆಂಡತಿಯ ಬುಟ್ಟಿಗೆ ಕಾಲೆತ್ತಿ, ಒಳಗೆ ಹೋಯಿತು. ಕಾಲೆತ್ತುವಾಗ ಮಾತ್ರ ಅದಕ್ಕೆ ಕುಂಟು ಇರಲಿಲ್ಲ. ಒಳಗಿನಿಂದ ಡಾಕ್ಟರು ನಗುತ್ತಾ, ನಾನು ದನಗಳ ಡಾಕ್ಟರಲ್ಲ ಸ್ವಾಮಿ, ಆದರೂ ನೋಡ್ತೀನಿ ಅಂದದ್ದು ಕೇಳಿಸಿತು.

ಅತ್ತೆ ಕೈಯಲ್ಲಿದ್ದ ತೆನೆ ಕೆಳಗಿಟ್ಟಳು.

“ಕಂಪೌಂಡ್ರೇ, ಆ ನಾಯಿ ಎಷ್ಟು ಬುಟ್ಟಿ ಬಿಡಿಸ್ತು?”

ಯಾರೋ ಕಿಸಕ್ಕೆಂದರು. ಗುಮಾಸ್ತ ಬಾಗಿಲು ಬಿಟ್ಟು ಬಂದು ಅವಳ ಬುಟ್ಟಿಯನ್ನು ಕಾಲಲ್ಲಿ ಒದ್ದ. ದಿನವಿಡೀ ಕೂಡಿಸಿದ್ದ ಆ ನಾಲ್ಕು ಹಿಡಿ ಕಾಳು ಮಣ್ಣಿಗೆ ಚೆಲ್ಲಿತು.

“ನಾಲಗೆ ಉದ್ದ ಬಿಡ್ತೀಯೇನೇ ಹಡಬೆ. ಆಯ್ಕೋ ಅದನ್ನ. ಒಂದು ಕಾಳು ಬಿಟ್ಟರೂ ನಿನ್ನ ಹೆಣಾನೇ ನೋಡ್ತಾರೆ ಡಾಕ್ಟ್ರು.”

ಅತ್ತೆ ಆಯಲು ಬಗ್ಗಿದಳು. ಬಗ್ಗಿದವಳಿಗೆ ಮೇಲಕ್ಕೆ ಉಸಿರು ಬರಲಿಲ್ಲ. ಬಾಯಿ ತೆರೆದು, ಕಣ್ಣು ಅಗಲಿಸಿ, ಎರಡೂ ಕೈಯನ್ನು ಮಣ್ಣಿಗೆ ಊರಿ ಹಾಗೇ ನಿಂತುಬಿಟ್ಟಳು. ಸೊಸೆ ಅವಳನ್ನು ಹಿಡಿದು ಕೂರಿಸಿ, ತನ್ನ ಬೆನ್ನನ್ನು ಅವಳ ಬೆನ್ನಿಗೆ ಕೊಟ್ಟು ಕೂತಳು. ಸ್ವಲ್ಪ ಹೊತ್ತಿಗೆ ಉಸಿರು ಸಿಕ್ಕಿತು. ಅತ್ತೆ ಮಾತಾಡಲಿಲ್ಲ. ಸೊಸೆಗೆ ಹೆದರಿಕೆಯಾದದ್ದು ಅದಕ್ಕೇ.

ಸೊಸೆ ಮತ್ತೆ ಬಿಡಿಸತೊಡಗಿದಳು. ತೆನೆಗೆ ತೆನೆ ತಿಕ್ಕಿ ಬಿಡಿಸಿದಳು, ಹೆಬ್ಬೆರಳಿನ ಚರ್ಮ ಕಿತ್ತುಬಂದರೂ ನಿಲ್ಲಿಸಲಿಲ್ಲ. ಬುಟ್ಟಿ ಕಂಠಮಟ್ಟ ತುಂಬಿತು. ಅಷ್ಟರಲ್ಲಿ ನಾಯಿಯೂ ಧಣಿಯೂ ಹೊರಗೆ ಬಂದರು. ನಾಯಿಯ ಕಾಲಿಗೆ ಬಿಳಿ ಪಟ್ಟಿ ಸುತ್ತಿತ್ತು.

“ಬುಟ್ಟಿ ತುಂಬಿದವರು ಒಳಗೆ,” ಎಂದು ಗುಮಾಸ್ತ ಕೂಗಿದ. ಸೊಸೆಯನ್ನು ಕಂಡು ಹಲ್ಲು ಕಿರಿದ. “ನೀನಾ? ಹೋಗು ಹೋಗು. ಇವತ್ತು ಏನು ಕಾಯಿಲೆ ತಂದಿದ್ದೀಯ?”

ಸೊಸೆ ಎದ್ದಳು. ಬುಟ್ಟಿಯ ಎರಡು ಅಂಚನ್ನು ಹಿಡಿದು ಬೋರಲು ಹಾಕಿದಳು. ಕಾಳು ಸುರ್ರನೆ ಅಂಗಳಕ್ಕೆಲ್ಲ ಹರಿಯಿತು. ಅವಳು ಖಾಲಿ ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟಳು.

“ಹತ್ತು ಅತ್ತೆ.”

“ಲೇ, ತಲೆ ಕೆಟ್ಟಿದೆಯೇನೇ?”

“ಹತ್ತು ಅಂದೆ. ಜೀವಮಾನದಲ್ಲಿ ಒಂದು ಸಲ ನಾನು ಹೇಳಿದ್ದು ಕೇಳು.”

ಅತ್ತೆ ಹತ್ತಿದಳು. ಮಂಡಿ ಮಡಚಿ ಕೂತರೆ ಬುಟ್ಟಿಗೆ ಸರಿಹೋದಳು, ಊದಿದ ಪಾದವೆರಡು ಮಾತ್ರ ಹೊರಗೆ. ಸೊಸೆ ಸೆರಗನ್ನು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡಳು. ಹೊರೆ ಎತ್ತಲು ಇನ್ನೊಂದು ಕೈ ಬೇಕು. ಅವಳು ಯಾರನ್ನೂ ಕರೆಯಲಿಲ್ಲ, ಬಡಗಿ ತಾನೇ ಎದ್ದು ಬಂದ. ಇಬ್ಬರೂ ಬಗ್ಗಿ ಹೂಂ ಎಂದು ಎತ್ತಿದರು. ಬುಟ್ಟಿ ತಲೆಗೆ ಬಂತು.

ಗೂಡಿನಲ್ಲಿ ಒಂದು ಕಟ್ಟಳೆ ಇದೆ. ಹೊರೆ ತಲೆಗೇರಿದ ಮೇಲೆ ಯಾರು ಕರೆದರೂ ನಿಲ್ಲಬಾರದು, ತಿರುಗಬಾರದು. ನಿಂತರೆ ಕುತ್ತಿಗೆ ಉಳುಕುತ್ತೆ, ತಿರುಗಿದರೆ ಇಟ್ಟಿಗೆ ಬೀಳುತ್ತೆ. ಧಣಿಯೇ ಎದುರು ಬಂದರೂ ಪಕ್ಕಕ್ಕೆ ಸರಿಯಬೇಕಾದವನು ಧಣಿಯೇ. ಸೊಸೆಯ ಕಾಲಿಗೆ ಬೇರೆ ನಡಿಗೆ ಗೊತ್ತಿರಲಿಲ್ಲ. ಗುಮಾಸ್ತ, ನಿಲ್ಲೇ ಬೋಳಿ, ನಿಲ್ಲು ಅಂತ ಅಡ್ಡ ಬಂದ. ಅವಳು ನಿಲ್ಲಲಿಲ್ಲ. ಕಾಳಿನ ಮೇಲೆ ಅವನ ಕಾಲು ಜಾರಿತು, ಕುರ್ಚಿಯ ಸಮೇತ ಬಿದ್ದ. ಅವಳು ದಾಟಿಕೊಂಡು ಒಳಗೆ ಹೋಗಿ, ಮೊಣಕಾಲು ಮಡಚಿ, ಡಾಕ್ಟರ ಮೇಜಿನ ಮೇಲೆ ಬುಟ್ಟಿ ಇಳಿಸಿದಳು.

“ಬುಟ್ಟಿ ತುಂಬಿದೆ ಡಾಕ್ಟ್ರೇ. ನೋಡಿ.”

ಡಾಕ್ಟರು ಬೈಯಲು ಬಾಯಿ ತೆರೆದರು. ಬುಟ್ಟಿಯ ಹೊರಗೆ ಚಾಚಿದ ಪಾದಗಳನ್ನು ಕಂಡು ಬಾಯಿ ಮುಚ್ಚಿದರು. ಒಂದು ಬೆರಳಿನಿಂದ ಒತ್ತಿ, ಬಿದ್ದ ಗುಳಿಯನ್ನು ನೋಡಿದರು. ಕೊಳವೆ ಇಟ್ಟು ಕೇಳಿದರು, ಬೆನ್ನಿನಲ್ಲಿ ಕೇಳಿದರು, ಮತ್ತೆ ಎದೆಯಲ್ಲಿ ಕೇಳಿದರು. ಬುಟ್ಟಿಯಿಂದ ಇಳಿಸಿ ಅಂತಲೂ ಹೇಳಲಿಲ್ಲ.

“ಇಷ್ಟು ಕೆಟ್ಟಿದೆಯಲ್ಲಮ್ಮ. ಇಷ್ಟು ದಿನ ಎಲ್ಲಿ ಹೋಗಿದ್ರಿ?”

ಅತ್ತೆಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಈ ಪ್ರಶ್ನೆಯನ್ನು ಸೊಸೆಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

“ಎಲ್ಲೂ ಹೋಗಿರ್ಲಿಲ್ಲಪ್ಪ,” ಅಂದಳು ನಿಲ್ಲಿಸಿ ನಿಲ್ಲಿಸಿ. “ಇಲ್ಲೇ ನಿನ್ನ ಕಿಟಕಿ ಹೊರಗೆ... ಇವಳ ಎದೆಯೊಳಗೆ ಕೂತು ಎರಡು ಸಲ ಒಳಕ್ಕೂ ಬಂದಿದ್ದೆ. ನಿನಗೆ ಕೇಳಿಸ್ಲಿಲ್ಲ.”

ಡಾಕ್ಟರು ಸೊಸೆಯ ಮುಖ ನೋಡಿದರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬುಟ್ಟಿ, ತೆನೆ, ಬಡಗಿಯ ಹೊಟ್ಟೆನೋವು, ಕ್ಷೌರಿಕನ ಮಂಡಿ. ಕಾಯುವ ಹೊತ್ತಿನಲ್ಲೂ ನಾಲ್ಕು ಕಾಸು ದುಡಿದುಕೊಳ್ಳುತ್ತಿದ್ದಾರೆ ಅಂತ ತಿಳಿದಿದ್ದೆ ಎಂದು ಡಾಕ್ಟರು ತೊದಲಿದರು. ಅಂಗಳಕ್ಕೆ ತೆರೆದ ಕಿಟಕಿ ಅವರ ಕುರ್ಚಿಯ ಎದುರಿಗೇ ಇತ್ತು. ಆಮೇಲೆ, ಅತ್ತೆಯನ್ನು ಈಗಿಂದೀಗಲೇ ಪೇಟೆಯ ಆಸ್ಪತ್ರೆಗೆ ಸೇರಿಸಬೇಕು, ನಾಳೆವರೆಗೆ ಕಾಯುವಂತಿಲ್ಲ ಅಂದರು.

ಬಸ್ಸು ಬರುವ ರಸ್ತೆ ಹೊಲದಾಚೆ, ಅದೂ ನಾಳೆ ಬೆಳಿಗ್ಗೆ. ಇರುವುದು ಒಂದೇ ಕಾರು.

ಸೊಸೆ ಮತ್ತೆ ಸಿಂಬೆ ಇಟ್ಟುಕೊಂಡಳು. ಬಡಗಿ ಬಾಗಿಲಲ್ಲೇ ಇದ್ದ, ಈ ಸಲ ಡಾಕ್ಟರೂ ಒಂದು ಅಂಚು ಹಿಡಿದರು, ಹೂಂ ಅನ್ನಲು ಮಾತ್ರ ಅವರಿಗೆ ಬರಲಿಲ್ಲ. ಹೊರಗೆ ಬಂದರೆ ಅಂಗಳದ ತುಂಬ ಕಾಳು ಚೆಲ್ಲಿತ್ತು. ಜನ ತಮ್ಮ ತಮ್ಮ ಬುಟ್ಟಿ ಬೋರಲು ಹಾಕಿದ್ದರು. ಕ್ಷೌರಿಕ ತನ್ನ ತಾಯಿಯನ್ನು ಕರೆತರಲು ಖಾಲಿ ಬುಟ್ಟಿ ಹಿಡಿದು ಮನೆಯ ಕಡೆ ಓಡುತ್ತಿದ್ದ. ಧಣಿಯ ಕೋಳಿಗಳಿಗೆ ಸುಗ್ಗಿ.

ಅವಳು ನೇರ ಕಾರಿನ ಹತ್ತಿರ ನಡೆದು, ಹಿಂದಿನ ಸೀಟಿಗೆ ಬುಟ್ಟಿ ಇಳಿಸಿದಳು. ಅಲ್ಲಿ ಮೊದಲೇ ಹತ್ತಿ ಮಲಗಿದ್ದ ನಾಯಿ ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು ಜಾಗ ಕೊಟ್ಟಿತು.

“ಇಳಿಸೇ ಅದನ್ನ,” ಅಂತ ಧಣಿ ಅರಚಿದ. “ನಿಮ್ಮಪ್ಪನ ಕಾರೇನೇ ಅದು?”

“ನಾಯಿಗೆ ಅಡ್ಡಿ ಇಲ್ವಂತೆ ಧಣಿ,” ಅಂದಳು ಸೊಸೆ.

ಕಾರಿನ ಬೀಗದ ಕೈ ಧಣಿಯ ಮುಷ್ಟಿಯಲ್ಲಿತ್ತು. ಅವನು ಮುಷ್ಟಿ ಬಿಚ್ಚಲಿಲ್ಲ. ಗುಮಾಸ್ತ ಬೆನ್ನು ಹಿಡಿದುಕೊಂಡು ನಿಂತಿದ್ದ. ಡಾಕ್ಟರು ಕೈ ಮುಂದೆ ಚಾಚಿ, ಕೀ ಕೊಡಿ ಅಂದರು, ದನಿ ಅಷ್ಟು ಗಟ್ಟಿ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಬಂದು ಕಾರಿನ ಸುತ್ತ ನಿಂತರು, ಒಬ್ಬರ ತಲೆಯ ಮೇಲೂ ಹೊರೆ ಇರಲಿಲ್ಲ, ಆದರೂ ಯಾರೂ ಧಣಿಗೆ ಪಕ್ಕಕ್ಕೆ ಸರಿಯಲಿಲ್ಲ. ಸೊಸೆ ಸೀಟಿನಲ್ಲಿ ಅತ್ತೆಗೆ ಬೆನ್ನು ಕೊಟ್ಟು ಕೂತಳು. ಆ ಗಿಡ್ಡ ಉಸಿರು ಬೆನ್ನಿಗೆ ತಾಗುತ್ತಿತ್ತು, ಇನ್ನೂ ಬೆಚ್ಚಗಿತ್ತು.

ಅಂಗಳದಲ್ಲಿ ಕೋಳಿಗಳು ಚೆಲ್ಲಿದ ಕಾಳನ್ನು ಕುಕ್ಕಿ ಮುಗಿಸುತ್ತಿದ್ದವು. ಆಗ ಬುಟ್ಟಿಯೊಳಗಿನಿಂದ ಅತ್ತೆಯ ದನಿ ಬಂತು.

“ಬೇಗ ಹೊರಡಿಸು ಧಣಿ. ನಿನ್ನ ಜೋಳ ಮುಗೀತಾ ಬಂತು, ನನ್ನ ಉಸಿರೂ ಮುಗೀತಾ ಬಂತು. ಯಾವುದು ಮೊದಲು ಅಂತ ನೋಡ್ತಾ ನಿಂತಿದ್ದೀಯಾ?”